ಐದನೇ ಎಂಜಿನ್ನಿನ ತಂತಿ

ರೈಲಿನ ಬಗ್ಗೆ ಇನ್ನೂರೈವತ್ತು ಪುಟ ಬರೆದ ಮನುಷ್ಯ ತಾನು ಇಳಿಯಬೇಕಾದ ಸ್ಟೇಷನ್ನನ್ನೇ ದಾಟಿ ಹೋದರೆ, ಅದನ್ನು ಯಾರಿಗೂ ಹೇಳದೆ ನುಂಗಿಕೊಳ್ಳುವುದು ಒಳ್ಳೆಯದು. ಕುಮಟೆಯ ವೆಂಕ್ಟ್ರಮಣ ಮಾಸ್ತರರಿಗೆ ಆ ಭಾಗ್ಯವೂ ಇರಲಿಲ್ಲ. ಡಬ್ಬಿಯಲ್ಲಿದ್ದವರೆಲ್ಲ ನೋಡಿಬಿಟ್ಟಿದ್ದರು.

ಆದದ್ದು ಇಷ್ಟೇ. ಆಯ್ತವಾರ ಬೆಳಿಗ್ಗೆ ಅವರು ಕುಮಟೆಯಲ್ಲಿ ರೈಲು ಹತ್ತಿದರು. ಹೆಗಲಲ್ಲಿ ‘ರೈಲು ಪ್ರೇಮಿಗಳ ಬಳಗ’ ಎಂದು ದಪ್ಪಕ್ಷರದಲ್ಲಿ ಬರೆದಿದ್ದ ಚೀಲ, ಅದರ ಕೆಳಗೆ ಒಂದು ಪುಟ್ಟ ಉಗಿ ಎಂಜಿನ್ನಿನ ಚಿತ್ರ. ಎದುರು ಕೂತಿದ್ದ ಭಟ್ಕಳದ ಬಟ್ಟೆ ವ್ಯಾಪಾರಿ ಸುಮ್ಮನೆ ಮಾತಿಗೆಂದು, “ಇದು ಯಾವ ಎಂಜಿನ್ ಸಾರ್?” ಎಂದು ಕೇಳಿದ. ಪಾಪ, ಅವನಿಗೇನು ಗೊತ್ತು. ಮಾಸ್ತರರು ಹಳಿಯ ಅಗಲದಿಂದ ಶುರುಮಾಡಿ, ಚಕ್ರಗಳ ಲೆಕ್ಕ ಮುಗಿಸಿ, ಬಾಯ್ಲರಿನ ಒಳಗೆ ಇಳಿಯುವ ಹೊತ್ತಿಗೆ ಕಿಟಕಿಯಾಚೆ ಹೊನ್ನಾವರದ ಹಲಗೆ ಬಂದು, ಹಾಗೇ ಹಿಂದಕ್ಕೆ ಹೋಯಿತು. ಆ ಗಾಡಿ ಹೊನ್ನಾವರದಲ್ಲಿ ನಿಲ್ಲುವುದೇ ಇಲ್ಲ ಎಂಬುದು ಕುಮಟೆ ಸ್ಟೇಷನ್ನಿನಲ್ಲಿ ಚಹಾ ಮಾರುವವನಿಗೂ ಗೊತ್ತು. ಮಾಸ್ತರರಿಗೆ ಗೊತ್ತಿದ್ದದ್ದು ಸಾವಿರದ ಒಂಬೈನೂರ ಇಪ್ಪತ್ತೇಳರ ವೇಳಾಪಟ್ಟಿ.

ಶರಾವತಿ ಸೇತುವೆಯ ಮೇಲೆ ಟಿಕೆಟ್ ನೋಡುವವರು ಬಂದರು. ಹೊನ್ನಾವರದ ಟಿಕೆಟ್ಟನ್ನು ಒಮ್ಮೆ ನೋಡಿದರು, ಚೀಲದ ಮೇಲಿನ ಬರಹವನ್ನು ನಿಧಾನವಾಗಿ, ಅಕ್ಷರ ಬಿಡದೆ ಓದಿದರು, ಏನೂ ಹೇಳದೆ ಮುಂದೆ ಹೋದರು. ಬೈದಿದ್ದರೆ ವಾಸಿಯಿತ್ತು.

ಭಟ್ಕಳದಲ್ಲಿ ಇಳಿದು ಬಸ್‌ಸ್ಟ್ಯಾಂಡಿಗೆ ಬರುವಾಗ ಹೆಂಡತಿ ಪ್ರಿಯಂವದಾ ಫೋನ್ ಮಾಡಿದಳು.

“ಹೊನ್ನಾವರ ಮುಟ್ಟಿದ್ರಾ?”

“ದಾಟಿದೆ,” ಎಂದರು ಮಾಸ್ತರರು. ಸುಳ್ಳು ಹೇಳುವ ಅಭ್ಯಾಸ ಅವರಿಗೆ ಇರಲಿಲ್ಲ.

ಹನ್ನೆರಡು ವರ್ಷದ ಹಿಂದೆ ಎಂಟನೇ ತರಗತಿಗೆ ಉಗಿಶಕ್ತಿಯ ಪಾಠಕ್ಕೆಂದು ಚಿತ್ರ ಹುಡುಕುತ್ತ ಕೂತವರು, ಹುಡುಕಾಟದಿಂದ ಇನ್ನೂ ಎದ್ದಿರಲಿಲ್ಲ. ಅಂದು ಕಂಪ್ಯೂಟರಿನಲ್ಲಿ ಕಂಡದ್ದು ಒಂದು ನ್ಯಾರೋಗೇಜ್ ಎಂಜಿನ್. ಘಟ್ಟದಾಚೆ, ಮಹಾರಾಷ್ಟ್ರದ ಒಣ ಬಯಲಿನಲ್ಲಿ, ಎರಡೂವರೆ ಅಡಿ ಅಗಲದ ಹಳಿಯ ಮೇಲೆ ಓಡುತ್ತಿದ್ದ ‘ಕೆ’ ವರ್ಗದ ಎಂಜಿನ್. ಆ ವರ್ಗದಲ್ಲಿ ಇದ್ದದ್ದೇ ಏಳು. ಒಂದೇ ನಕ್ಷೆ, ಒಂದೇ ಕಾರ್ಖಾನೆ, ಒಂದೇ ಹಡಗಿನಲ್ಲಿ ಮುಂಬಯಿಗೆ ಬಂದವು. ಆದರೆ ಹಣೆಬರಹ ಏಳಕ್ಕೂ ಬೇರೆ ಬೇರೆ. ಒಂದನೆಯದು ನೆರೆಗೆ ಸೇತುವೆಯ ಸಮೇತ ಹೊಳೆಗೆ ಬಿತ್ತು. ಎರಡನೆಯದು ಸಕ್ಕರೆ ಕಾರ್ಖಾನೆಗೆ ಹೋಗಿ ಕಬ್ಬು ಎಳೆಯುತ್ತ ಮುದಿಯಾಯಿತು. ಮೂರು ಮತ್ತು ಏಳನ್ನು ಬಿಚ್ಚಿ ಉಳಿದವುಗಳಿಗೆ ಬಿಡಿಭಾಗ ಮಾಡಿದರು. ನಾಲ್ಕನೆಯದು ಯಾವುದೋ ಉದ್ಯಾನದಲ್ಲಿ ಗುಲಾಬಿ ಬಣ್ಣ ಬಳಿಸಿಕೊಂಡು ನಿಂತಿದೆ. ಆರನೆಯದು ಹುಟ್ಟಿನಿಂದಲೇ ಸರಿಯಿರಲಿಲ್ಲ. ಎಪ್ಪತ್ತೈದನೇ ಇಸವಿಯೊಳಗೆ ಎಲ್ಲ ಮುಗಿದವು, ಐದನೆಯದೊಂದನ್ನು ಬಿಟ್ಟು. ಅದು ಎಂಬತ್ತೊಂಬತ್ತರವರೆಗೂ ದಿನಾ ಹೊಗೆಯಾಡಿತು.

ಯಾಕೆ?

ಈ ಯಾಕೆಯೇ ಮಾಸ್ತರರನ್ನು ಹಿಡಿದದ್ದು. ಉಗಿ ಎಂಜಿನ್ನಿನ ಫೋಟೋ ಹೊಡೆಯಲೆಂದೇ ಆ ಕಾಲದಲ್ಲಿ ಪರದೇಶದಿಂದ ಜನ ಬರುತ್ತಿದ್ದರಂತೆ. ಅಂಥವರಲ್ಲೊಬ್ಬ, ಇಂಗ್ಲೆಂಡಿನ ನಿವೃತ್ತ ಪೋಸ್ಟ್‌ಮನ್, ಮಾಸ್ತರರಿಗೆ ಐದನೇ ಎಂಜಿನ್ನಿನ ಮೂವತ್ತೊಂದು ಫೋಟೋ ಕಳಿಸಿದ. ಇಪ್ಪತ್ತೊಂಬತ್ತರಲ್ಲಿ ಒಂದು ವಿಚಿತ್ರ ಕಾಣುತ್ತಿತ್ತು. ಚಿಮಣಿಯ ಬುಡದಿಂದ ಡ್ರೈವರನ ಗೂಡಿನವರೆಗೆ, ಬಾಯ್ಲರಿನ ಪಕ್ಕಕ್ಕೆ, ಬಿಗಿಯಾಗಿ ಎಳೆದ ಒಂದು ತಂತಿ. ತಂತಿಯುದ್ದಕ್ಕೂ ಸಣ್ಣ ಸಣ್ಣ ಎಲೆಯಂಥ ತುಂಡುಗಳು. ಬೇರೆ ಯಾವ ಎಂಜಿನ್ನಿಗೂ ಅದಿಲ್ಲ. ಪೋಸ್ಟ್‌ಮನ್ನನೂ ಮಾಸ್ತರರೂ ನಾಲ್ಕು ವರ್ಷ ಪತ್ರದಲ್ಲಿ ಚರ್ಚೆ ಮಾಡಿ ಕೊನೆಗೆ ಒಂದು ತೀರ್ಮಾನಕ್ಕೆ ಬಂದರು: ಇದು ಸಿಲಿಂಡರಿಗೆ ಎಣ್ಣೆ ಒಯ್ಯುವ ಪ್ರಾಯೋಗಿಕ ಕೊಳವೆ, ಎಲೆಗಳು ಎಣ್ಣೆಯನ್ನು ತಂಪಾಗಿಡುವ ತಗಡುಗಳು, ಐದನೆಯದರ ದೀರ್ಘಾಯುಷ್ಯದ ಗುಟ್ಟು ಇದೇ. ಮಾಸ್ತರರ ಪುಸ್ತಕದ ಏಳನೇ ಅಧ್ಯಾಯ, ನಲವತ್ತೆರಡು ಪುಟ, ಇದರ ಮೇಲೇ ನಿಂತಿತ್ತು. ಒಂದು ಫೋಟೋದಲ್ಲಿ ಎಲೆ ಇಪ್ಪತ್ತಮೂರು, ಅದೇ ದಿನ ಸಂಜೆಯ ಫೋಟೋದಲ್ಲಿ ಹದಿನೇಳು. ಇಳಿಸಿದ್ದು ಎಂಜಿನಿಯರರ ಮಿತವ್ಯಯ ಎಂದು ಅವರು ಬರೆದಿದ್ದರು. ಕೆಲವು ಚಿತ್ರಗಳಲ್ಲಿ ಎಂಜಿನ್ನಿನ ಮೇಲೆ ಕಾಗೆಗಳು ಹಾರುತ್ತಿದ್ದವು. ‘ಹೊಗೆಗೆ ಗಾಬರಿಯಾದ ಪಕ್ಷಿಸಂಕುಲ’ ಎಂದು ಅಡಿಬರಹ ಕೊಟ್ಟಿದ್ದರು.

ತಂತಿಯಿಲ್ಲದ ಎರಡು ಫೋಟೋ ಮಾತ್ರ ಗಂಟಲಲ್ಲಿ ಸಿಕ್ಕ ಮುಳ್ಳು. ಅವೆರಡರಲ್ಲೂ ಎಂಜಿನ್ ಬೇರೆಂದೂ ಬಿಡದಷ್ಟು ಕಪ್ಪು ಹೊಗೆ ಬಿಡುತ್ತಿತ್ತು. ಅವನ್ನು ‘ದುರಸ್ತಿಯ ದಿನಗಳು’ ಎಂದು ಕರೆದು ಮುಂದೆ ಸಾಗಿದ್ದರು.

ಪುಸ್ತಕ ಕುಮಟೆಯ ಪ್ರೆಸ್ಸಿನಲ್ಲಿತ್ತು, ಬುಧವಾರ ಯಂತ್ರಕ್ಕೆ ಹಾಕುತ್ತೇವೆ ಎಂದಿದ್ದರು. ಹೋದ ವಾರ ಇಂಗ್ಲೆಂಡಿನಿಂದ ಒಂದು ಮಿಂಚಂಚೆ ಬಂತು. ಹಳೇ ಫೋಟೋ ಒಂದರ ಬೆನ್ನಿನ ಮೇಲೆ ಪೆನ್ಸಿಲ್ಲಿನಲ್ಲಿ ಬರೆದುಕೊಂಡದ್ದು ಈಗ ಕಣ್ಣಿಗೆ ಬಿತ್ತಂತೆ: ‘ಡ್ರೈವರ್ ಮಾಬ್ಲ, ಕಾಸರಕೋಡ, ಹೊನ್ನಾವರದ ಹತ್ತಿರ. ನಿಮಗೆ ಗೊತ್ತೇ?’ ಹನ್ನೆರಡು ವರ್ಷ ಭೂಮಿಯ ಆ ತುದಿಗೆ ಪತ್ರ ಬರೆದವರಿಗೆ ಬೇಕಾದ ಮನುಷ್ಯ, ಬಸ್ಸಿನಲ್ಲಿ ಒಂದು ತಾಸಿನ ದಾರಿಯಲ್ಲಿದ್ದ.

“ಆ ಎಂಜಿನ್ನು ನೀವೂ ನೋಡ್ಲಿಲ್ಲ, ಆ ಪೋಸ್ಟ್‌ಮನ್ನನೂ ಈಗ ನೋಡೂದಿಲ್ಲ,” ಎಂದಿದ್ದಳು ಪ್ರಿಯಂವದಾ, “ಅದನ್ನ ಓಡಿಸಿದವನನ್ನಾದ್ರೂ ನೋಡ್ಕೊಂಡು ಬನ್ನಿ. ಅವ ಹೌದು ಅಂದ್ರೆ ಹೌದು, ಅಲ್ಲ ಅಂದ್ರೆ ನಲವತ್ತೆರಡು ಪುಟ ನಂಗೆ ಕೊಡಿ, ಒಲೆ ಹಚ್ಚೂಕೆ ಬರ್ತದೆ.”

ಭಟ್ಕಳದ ಬಸ್ಸು ಕಾಸರಕೋಡದಲ್ಲಿ ಇಳಿಸಿತು. ಮನೆ ಹುಡುಕುವುದು ಕಷ್ಟವಾಗಲಿಲ್ಲ. “ರೈಲು ಮಾಬ್ಲನ ಮನೆಯಾ?” ಎಂದು ಮೊದಲು ಸಿಕ್ಕವನೇ ಕೈ ತೋರಿಸಿದ. ಅಂಗಳದಲ್ಲಿ ಎರಡು ಕಂಬದ ನಡುವೆ ಕಟ್ಟಿದ್ದ ಒಣಮೀನಿನ ಸಾಲಿನಡಿ ತಲೆ ತಗ್ಗಿಸಿ ಮಾಸ್ತರರು ಒಳಗೆ ಬಂದರು. ಜಗಲಿಯಲ್ಲಿ ಎಪ್ಪತ್ತಾರರ ಒಬ್ಬ ತೆಳ್ಳನೆಯ ಮುದುಕ ಕಾಲ ಹೆಬ್ಬೆರಳಿಗೆ ಬಲೆ ಸಿಕ್ಕಿಸಿಕೊಂಡು ಹೊಲಿಯುತ್ತಿದ್ದ.

“ಬರ್ರಿ, ಬರ್ರಿ. ಹೊನ್ನಾವರದ ಬದಿಯಿಂದ ಬರ್ತ್ರಿ ಅಂದಿದ್ರಲ್ಲ ಫೋನಲ್ಲಿ? ಇದು ಭಟ್ಕಳದ ಬಸ್ಸು.”

“ರೈಲು... ಸ್ವಲ್ಪ ಮುಂದೆ ಹೋಯ್ತು.”

ಮಾಬ್ಲ ಸೂಜಿಯಿಂದ ಕಣ್ಣು ತೆಗೆಯದೆ ತಲೆಯಾಡಿಸಿದ. “ಹೋಗ್ತದೆ. ಅದು ಅದರ ಕೆಲಸ.”

ಒಳಗಿನಿಂದ ಅವನ ಹೆಂಡತಿ ಬಂಗಾರಿ ನೀರಿನ ತಂಬಿಗೆ ತಂದಿಟ್ಟಳು. “ಆಯ್ತವಾರ ಬಂದ್ರಿ, ಚಲೋ ಆತು ಮಾಸ್ತರೇ. ಊಟ ಮಾಡ್ಕೊಂಡೇ ಹೋಗೂದು. ನಾಳೆ ಬಂದಿದ್ರೆ ಬರೀ ಸೌತೆಕಾಯಿ ಹುಳಿ. ಸೋಮವಾರ ಇವ್ರು ಮೀನು ತಿನ್ನೂದು ಬಿಡಿ, ಮುಟ್ಟೂದೂ ಇಲ್ಲ. ಮುರುಡೇಶ್ವರನಿಗೆ ಹೇಳ್ಕಂಡದ್ದು, ಮದ್ವೆ ಆದಾಗಿಂದ.”

“ಬಲೆನೂ ಮುಟ್ಟೂದಿಲ್ಲ,” ಎಂದ ಮಾಬ್ಲ.

“ಬಲೆ ಮುಟ್ಟದೇ ಇರೂಕೆ ಇವ್ರಿಗೆ ದೇವ್ರು ಒಂದು ನೆವ.”

ಮಾತು ಹಾಗೆ ಶುರುವಾಯಿತು. ಮಾಬ್ಲ ಹುಟ್ಟಿದ್ದು ಇದೇ ಕಾಸರಕೋಡದಲ್ಲಿ, ದೋಣಿಯ ಮನೆಯಲ್ಲಿ. ಅಪ್ಪ, ಅಜ್ಜ, ಇಬ್ಬರು ಅಣ್ಣಂದಿರು, ಎಲ್ಲರೂ ಸಮುದ್ರಕ್ಕೆ ಹೋಗುವವರು. ಇವನು ಮಾತ್ರ ಹೊಳೆ ಸಮುದ್ರ ಸೇರುವ ಅಳಿವೆ ದಾಟುವುದರೊಳಗೆ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಮೀನಿಗೆ ಹಾಕುತ್ತಿದ್ದ. ಒಂದು ವರ್ಷವಲ್ಲ, ಎರಡು ವರ್ಷವಲ್ಲ, ಹದಿನೇಳನೇ ವಯಸ್ಸಿನವರೆಗೂ. “ಇವನನ್ನ ಕಟ್ಕಂಡು ಹೋದ್ರೆ ಗಾಳವೇ ಬೇಡ, ಮೀನು ತಾವೇ ಬರ್ತವೆ,” ಎಂದು ಬಂದರಿನವರೆಲ್ಲ ನಗುತ್ತಿದ್ದರು. ಕೊನೆಗೊಂದು ದಿನ ಹೆಂಚಿನ ಲಾರಿ ಹತ್ತಿ ಘಟ್ಟ ಏರಿದ.

“ಎಲ್ಲಿಗೆ ಅಂತ ಹೊರಟ್ರಿ?” ಮಾಸ್ತರರು ಕೇಳಿದರು.

“ಸಮುದ್ರ ಕಾಣದ ಊರಿಗೆ.”

ಅಂಥ ಊರು ಸಿಗಲು ಎಂಟು ದಿನ ಬೇಕಾಯಿತು. ಅಲ್ಲಿ ಪುಟ್ಟ ರೈಲಿತ್ತು. ಎಂಜಿನ್ನಿನ ಬೂದಿ ತೆಗೆಯುವ ಖಲಾಸಿಯಾಗಿ ಸೇರಿಕೊಂಡ. ಆಮೇಲೆ ಕಲ್ಲಿದ್ದಲು ಹಾಕುವ ಫೈರ್‌ಮನ್, ಆಮೇಲೆ ಡ್ರೈವರ್. ಎಪ್ಪತ್ತೊಂದರಲ್ಲಿ ಫೈರ್‌ಮನ್ನಾಗಿ ಐದನೆಯದಕ್ಕೆ ಬಂದವನು ಅದು ನಿಲ್ಲುವವರೆಗೂ ಇಳಿಯಲಿಲ್ಲ.

“ಅದೂ ತೂಗಾಡ್ತಿತ್ತಲ್ಲ, ನ್ಯಾರೋಗೇಜ್? ಹೊಟ್ಟೆ ತೊಳಸ್ತಿರ್ಲಿಲ್ವಾ?”

“ತೂಗಾಡ್ತಿತ್ತು. ಆದ್ರೆ ಇಳಿದು ನಿಲ್ಲೂಕೆ ನೆಲ ಇತ್ತಲ್ಲ.”

ಮಾಸ್ತರರಿಗೆ ಇಂಥ ಮಾತು ಬರೆದುಕೊಳ್ಳುವ ಅಭ್ಯಾಸವಿರಲಿಲ್ಲ. ಅವರ ಪುಸ್ತಕದಲ್ಲಿ ಇನ್ನೂರೈವತ್ತು ಪುಟಕ್ಕೆ ಒಬ್ಬನೇ ಒಬ್ಬ ಮನುಷ್ಯನೂ ಮಾತಾಡುತ್ತಿರಲಿಲ್ಲ. ಅವರು ಚೀಲದಿಂದ ಫೋಟೋಗಳನ್ನು ತೆಗೆದು ಜಗಲಿಯ ಮೇಲೆ ಹರವಿದರು. ಮಾಬ್ಲ ಬಲೆ ಬದಿಗಿಟ್ಟು, ಕನ್ನಡಕ ಹಾಕಿಕೊಂಡು ಒಂದೊಂದನ್ನೇ ಎತ್ತಿ ನೋಡಿದ. ಚಿಮಣಿ ನೋಡಲಿಲ್ಲ, ಚಕ್ರ ನೋಡಲಿಲ್ಲ. ಡ್ರೈವರನ ಗೂಡಿನ ಕಿಟಕಿಯ ಮೇಲೆ ಬೆರಳಿಟ್ಟ.

“ಇದು ನಾನು.”

ಮಾಸ್ತರರು ಬಗ್ಗಿದರು. ಕಿಟಕಿಯಲ್ಲಿ ಒಂದು ಮೊಣಕೈ ಇತ್ತು. ಮುಂದಿನ ಫೋಟೋದಲ್ಲೂ ಮೊಣಕೈ, ಅದರ ಮುಂದಿನದರಲ್ಲೂ ಮೊಣಕೈ. ಮೂವತ್ತೊಂದು ಫೋಟೋವನ್ನು ಭೂತಗನ್ನಡಿ ಹಿಡಿದು ನೋಡಿದವರು, ನಟ್ಟು ಬೋಲ್ಟು ಎಣಿಸಿದವರು, ಈ ಮೊಣಕೈಯನ್ನು ಎಂದೂ ಕಂಡಿರಲಿಲ್ಲ.

“ಬಂಗಾರೀ, ಬಾ ಇಲ್ಲಿ. ನಂಬರ್ ಐದು ಬಂದದೆ ನೋಡು.”

ಊಟದ ಹೊತ್ತಾಗಿತ್ತು. ಬಂಗಾರಿ ಮೊದಲು ತಟ್ಟೆ ತಂದಳು: ಗಂಜಿ, ಅಪ್ಪೆಮಿಡಿ, ಕೆಂಡದಲ್ಲಿ ಸುಟ್ಟ ಒಣಮೀನು. ಮಾಸ್ತರರು ಒಂದು ತುಂಡು ಬಾಯಿಗೆ ಹಾಕಿಕೊಂಡು, ಧೈರ್ಯ ತಂದುಕೊಂಡು, ಹನ್ನೆರಡು ವರ್ಷದ ಪ್ರಶ್ನೆಯನ್ನು ಮೆಲ್ಲಗೆ ಮುಂದಿಟ್ಟರು.

“ಈ ತಂತಿ ನೋಡಿ ಮಾಬ್ಲಣ್ಣ. ಚಿಮಣಿಯಿಂದ ಗೂಡಿನವರೆಗೆ. ಇದನ್ನ ಹಾಕಿಸಿದ್ದು ಯಾರು? ವರ್ಕ್‌ಶಾಪಿನ ಎಂಜಿನಿಯರ್ರಾ?”

“ಅಲ್ಲ. ಇವಳು.”

ಮಾಸ್ತರರು ಬಂಗಾರಿಯನ್ನು ನೋಡಿದರು. ಅವಳು ಉಪ್ಪಿನಕಾಯಿ ಬಡಿಸುತ್ತಿದ್ದಳು.

“ಮತ್ತೆ ಈ... ಈ ತಗಡಿನ ಎಲೆಗಳು?”

ಬಂಗಾರಿ ಸೆರಗಿಗೆ ಕೈ ಒರೆಸಿಕೊಂಡು ಫೋಟೋವನ್ನು ಬೆಳಕಿಗೆ ಹಿಡಿದಳು. “ಎಂತ ತಗಡು? ಹೊಳೆಮೀನಲ್ದಾ ಇದು? ಬಾಲ ಕಾಣ್ತದಲ್ಲ.”

ಬಾಲ ಕಾಣುತ್ತಿತ್ತು. ಒಮ್ಮೆ ಕಂಡಮೇಲೆ ಬಾಲ ಬಿಟ್ಟು ಬೇರೇನೂ ಕಾಣಲಿಲ್ಲ. ಮಾಸ್ತರರ ಬಾಯಲ್ಲಿದ್ದ ಒಣಮೀನು ಅಲ್ಲೇ ನಿಂತಿತು.

ಸಮುದ್ರವನ್ನು ಬಿಟ್ಟು ಓಡಿದ ಮಾಬ್ಲನಿಗೆ ಮೀನು ಬಿಡಲು ಆಗಿರಲಿಲ್ಲ. ಆ ಬಯಲಲ್ಲಿ ಒಣಮೀನು ಅಂದರೆ ಜನ ಮೂಗು ಮುಚ್ಚುತ್ತಿದ್ದರು. ಆದರೆ ದಾರಿಯಲ್ಲೊಂದು ಹೊಳೆ, ಹೊಳೆಯ ದಡದಲ್ಲೊಂದು ನಿಲ್ದಾಣ, ನಿಲ್ದಾಣದಲ್ಲಿ ಮೀನಿನ ಬುಟ್ಟಿ ಇಟ್ಟುಕೊಂಡು ಕೂರುವ ಹೆಂಗಸರು. ಮದುವೆಯಾಗಿ ಬಂದ ಬಂಗಾರಿ ಮೀನನ್ನು ಸೀಳಿ ಉಪ್ಪು ತುಂಬಿ ಕೊಟ್ಟಳು. ಕ್ವಾರ್ಟರ್ಸಿನ ಅಂಗಳದಲ್ಲಿ ಒಣಗಿಸಿದರೆ ಅಕ್ಕಪಕ್ಕದವರು ಜಗಳಕ್ಕೆ ಬರುತ್ತಿದ್ದರು. “ದಿನಾ ಹತ್ತು ತಾಸು ಬೆಂಕಿಯ ಪಕ್ಕ ಕೂರ್ತ್ರಿ, ಅದರ ಬಗ್ಲಲ್ಲಿ ಒಂದು ತಂತಿ ಕಟ್ಕಣೂಕೆ ಎಂತ ಧಾಡಿ?” ಎಂದಳು. ಮಾಬ್ಲ ಸಿಗ್ನಲ್ಲಿನ ಹಳೇ ತಂತಿ ತಂದು ಕಟ್ಟಿದ. ಬಾಯ್ಲರಿನ ಬಿಸಿ ಒಂದು ಕಡೆಯಿಂದ, ಓಟದ ಗಾಳಿ ಇನ್ನೊಂದು ಕಡೆಯಿಂದ. ಎರಡು ದಿನಕ್ಕೆ ಮೀನು ಸೌದೆಯಾಗುತ್ತಿತ್ತು.

“ಬೆಳಿಗ್ಗೆ ಇಪ್ಪತ್ತಮೂರು ಇದೆ,” ಎಂದರು ಮಾಸ್ತರರು, ಮುಳುಗುವವನ ಸ್ವರದಲ್ಲಿ. “ಸಂಜೆಗೆ ಹದಿನೇಳು.”

ಮಾಬ್ಲ ಸ್ವಲ್ಪ ಯೋಚಿಸಿದ. “ಆರನ್ನ ಗಾರ್ಡ್ ತಿಂದ.”

ಕಾಗೆಗಳ ಬಗ್ಗೆ ಮಾಸ್ತರರು ಕೇಳಲಿಲ್ಲ.

ಅವರು ಕೈ ತೊಳೆದು ಬಂದು ಜಗಲಿಯ ಕಂಬಕ್ಕೊರಗಿ ಕೂತರು. ಪ್ರೆಸ್ಸಿನವರು ಬುಧವಾರ ಎಂದಿದ್ದಾರೆ. ಈಗ ಎದ್ದು ಹೋದರೆ ಯಾರಿಗೂ ಗೊತ್ತಾಗುವುದಿಲ್ಲ. ಪೋಸ್ಟ್‌ಮನ್ ಇಂಗ್ಲೆಂಡಿನಲ್ಲಿದ್ದಾನೆ. ಮಾಬ್ಲ ಪುಸ್ತಕ ಓದುವ ಪೈಕಿ ಅಲ್ಲ. ನಲವತ್ತೆರಡು ಪುಟ, ಒಂಬತ್ತು ರೇಖಾಚಿತ್ರ, ತಗಡಿನ ಎಲೆಗಳ ಉಷ್ಣಪ್ರಸರಣದ ಕೋಷ್ಟಕ ಒಂದು. ಕೋಷ್ಟಕ ನಿಜವಾಗಿಯೂ ಚೆನ್ನಾಗಿ ಬಂದಿತ್ತು. ಈ ಲೋಕದಲ್ಲಿ ಮೀನು ಹೇಗೆ ತಣ್ಣಗಾಗುತ್ತದೆ ಎಂದು ಅಷ್ಟು ನಿಖರವಾಗಿ ಲೆಕ್ಕ ಹಾಕಿದವರು ಬೇರೆ ಯಾರೂ ಇರಲಿಕ್ಕಿಲ್ಲ.

ಕಣ್ಣು ಅಂಗಳದ ಕಡೆ ಹೋಯಿತು. ಎರಡು ಕಂಬ, ನಡುವೆ ಸಾಲು ಮೀನು. ಬರುವಾಗ ತಲೆ ತಗ್ಗಿಸಿ ದಾಟಿದ್ದ ಸಾಲು.

“ಆ ತಂತಿ...”

“ಅದೇ,” ಎಂದ ಮಾಬ್ಲ. “ಎಂಜಿನ್ ಗುಜರಿಗೆ ಹೋಯ್ತು. ಇದು ನಂದೇ ಅಲ್ದಾ? ಬಿಚ್ಕಂಡು ಬಂದೆ.”

ಮಾಸ್ತರರು ಎದ್ದು ಹೋಗಿ ತಂತಿಯನ್ನು ಮುಟ್ಟಿದರು. ‘ಕೆ’ ವರ್ಗದ ಯಾವ ಭಾಗವನ್ನಾದರೂ ಅವರು ಕೈಯಿಂದ ಮುಟ್ಟಿದ್ದು ಹನ್ನೆರಡು ವರ್ಷದಲ್ಲಿ ಅದೇ ಮೊದಲು. ಬೆರಳಿಗೆ ಉಪ್ಪು ಹತ್ತಿತು. ಸುಳ್ಳು ಅಧ್ಯಾಯವನ್ನು ಅಚ್ಚು ಹಾಕಿಸುವ ಯೋಚನೆ ಅಲ್ಲಿಗೆ ಬಿಟ್ಟುಹೋಯಿತು. ಆದರೆ ಹಳೇ ಪ್ರಶ್ನೆ ಹಾಗೇ ಉಳಿಯಿತಲ್ಲ. ವಾಪಸು ಬಂದು ಕೂತರು.

“ಹಾಗಾದ್ರೆ ಮಾಬ್ಲಣ್ಣ, ಉಳಿದ ಆರೂ ಸತ್ತು, ಐದನೇದು ಒಂದೇ ಹದಿನಾಲ್ಕು ವರ್ಷ ಜಾಸ್ತಿ ಓಡಿದ್ದು ಹೇಗೆ?”

“ಅದು ಬೇರೆ ಕಥೆ.”

“ಬೇರೆ ಎಂತ ಬೇರೆ?” ಬಂಗಾರಿ ಒಳಗಿನಿಂದಲೇ ಕೂಗಿದಳು. “ಅದೇ ಕಥೆ. ಹೇಳಿ, ಮಸಿ ವಿಷ್ಯ ಹೇಳಿ. ನಾಚ್ಕಿ ಎಂತಕ್ಕೆ ಈಗ?”

ಮಾಬ್ಲ ಬಲೆಯನ್ನು ಮತ್ತೆ ಹೆಬ್ಬೆರಳಿಗೆ ಸಿಕ್ಕಿಸಿಕೊಂಡ. ಬಂಗಾರಿಯೇ ಬಂದು ಹೊಸ್ತಿಲಲ್ಲಿ ಕೂತು ಹೇಳಿದಳು.

ಮೊದಲ ವಾರ ಅವನು ತಂದ ಮೀನು ಇದ್ದಲಿನ ಹಾಗಿತ್ತಂತೆ. ಆಗಿನ ಫೈರ್‌ಮನ್‌ಗಳೆಲ್ಲ ಒಲೆಗೆ ಕಲ್ಲಿದ್ದಲನ್ನು ರಾಶಿ ಸುರಿದು, ಬಾಗಿಲು ಮುಚ್ಚಿ, ಬೀಡಿ ಸೇದುತ್ತ ಕೂರುವವರು. ರಾಶಿ ಸುರಿದರೆ ಬೆಂಕಿಗೆ ಉಸಿರು ಕಟ್ಟುತ್ತದೆ, ಕಪ್ಪು ಹೊಗೆ ಬರುತ್ತದೆ, ಹೊಗೆಯ ಮಸಿಯೆಲ್ಲ ಮೀನಿನ ಮೇಲೆ. ಬಾಯ್ಲರಿನಲ್ಲಿ ನೀರು ಜಾಸ್ತಿಯಾದರೆ ಇನ್ನೂ ಕಷ್ಟ. ಉಗಿಯ ಜೊತೆ ಕೆಸರು ನೀರು ಉಕ್ಕಿ ಚಿಮಣಿಯಿಂದ ಹಾರಿ, ಅದೂ ಮೀನಿನ ಮೇಲೆ.

“ಬುಟ್ಟಿ ಸಮೇತ ಇವ್ರ ಮುಂದೆ ಕುಕ್ಕಿದೆ. ‘ಸಮುದ್ರಕ್ಕೆ ಹೋಗೂಕೆ ಬರೂದಿಲ್ಲ, ಆತು, ಒಪ್ಕಂಡೆ. ಒಲೆ ಉರಿಸೂಕೂ ಬರೂದಿಲ್ವಾ? ನಮ್ಮನೆ ಒಲೆ ಹೀಗೆ ಹೊಗೆ ಬಿಟ್ರೆ ನಮ್ಮತ್ತೆ ನನ್ನ ತವರಿಗೆ ಅಟ್ತಿದ್ರು’ ಅಂದೆ. ಎರಡು ದಿನ ಮಾತಾಡ್ಲಿಲ್ಲ ಇವ್ರು.”

“ಮೂರು ದಿನ,” ಎಂದ ಮಾಬ್ಲ.

ನಾಲ್ಕನೇ ದಿನದಿಂದ ಅವನು ಮನೆಯ ಒಲೆಗೆ ಸೌದೆ ಒಡ್ಡುವ ಹಾಗೆ ಎಂಜಿನ್ನಿಗೆ ಕಲ್ಲಿದ್ದಲು ಒಡ್ಡತೊಡಗಿದ. ಅರ್ಧ ಸಲಿಕೆ, ತೆಳ್ಳಗೆ, ಮೂಲೆ ಮೂಲೆಗೆ. ಒಂದು ಉರಿದ ಮೇಲೆ ಇನ್ನೊಂದು. ಬಾಯ್ಲರಿನಲ್ಲಿ ನೀರು, ಮಟ್ಟ ತೋರಿಸುವ ಗಾಜಿನ ಅರ್ಧಕ್ಕಿಂತ ಮೇಲೇರಲು ಬಿಡಲಿಲ್ಲ. ಕೆಸರು ಉಕ್ಕಬಾರದೆಂದು ಬಾಯ್ಲರನ್ನು ಬೇರೆಯವರು ತಿಂಗಳಿಗೊಮ್ಮೆ ತೊಳೆದರೆ ಇವನು ವಾರಕ್ಕೊಮ್ಮೆ ತೊಳೆಸಿದ. ಆಯ್ತವಾರ ಸಂಜೆ ತಂತಿಯನ್ನು ಬಿಚ್ಚಿ ಹುಣಿಸೆ ಹಚ್ಚಿ ತಿಕ್ಕಿ, ಮಂಗಳವಾರ ಬೆಳಿಗ್ಗೆ ಮತ್ತೆ ಕಟ್ಟುತ್ತಿದ್ದ. ತಾನು ಡ್ರೈವರನಾದ ಮೇಲೆ ತನ್ನ ಫೈರ್‌ಮನ್‌ಗೂ ಅದನ್ನೇ ಕಲಿಸಿದ. ತಪಾಸಣೆಗೆ ಬಂದ ಸಾಹೇಬರು ಬಾಯ್ಲರಿನೊಳಗೆ ಬ್ಯಾಟರಿ ಹಾಕಿ ನೋಡಿ, ಕೊಳವೆಗಳು ಹೊಸದರ ಹಾಗಿವೆಯಲ್ಲ, ಇನ್ನೆರಡು ವರ್ಷ ಓಡಲಿ ಎಂದು ಸಹಿ ಹಾಕುತ್ತಿದ್ದರು. ಮತ್ತೆ ಎರಡು ವರ್ಷ. ಮತ್ತೆ ಎರಡು.

“ಹೀಗೆಲ್ಲ ಎಂತಕ್ಕೆ ಮಾಡ್ತಿ ಅಂತ ಸಾಹೇಬ್ರು ಕೇಳ್ಲಿಲ್ವಾ?” ಎಂದರು ಮಾಸ್ತರರು.

“ಕೇಳಿದ್ರು. ಎಂಜಿನ್ ಮೇಲೆ ಪ್ರೀತಿ ಅಂದೆ.” ಮಾಬ್ಲ ದಾರವನ್ನು ಹಲ್ಲಿನಿಂದ ಕಡಿದ. “ಶಾಬಾಸ್ ಅಂತ ಕಾಗದ ಕೊಟ್ರು. ಒಳಗೆಲ್ಲೋ ಇರ್ಬೇಕು.”

ಐದನೆಯದರ ದೀರ್ಘಾಯುಷ್ಯದ ಗುಟ್ಟು ತಂತಿಯಲ್ಲೇ ಇದೆ ಎಂದು ಮಾಸ್ತರರು ಬರೆದದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ತಪ್ಪಿದ್ದದ್ದು ಉಳಿದ ನಲವತ್ತೆರಡು ಪುಟ. ಜೇಬಿನಿಂದ ಫೋನ್ ತೆಗೆದು ಪ್ರೆಸ್ಸಿನವನಿಗೆ, “ಬುಧವಾರ ಬೇಡ ಮಾರಾಯ, ಏಳನೇ ಅಧ್ಯಾಯ ನಿಲ್ಸು, ಹೊಸ್ತು ಬರ್ತದೆ,” ಎಂದರು. ಆ ಕಡೆಯವನು ಏನೋ ಗೊಣಗಿದ. “ಉದ್ದ ಇಲ್ಲ, ನಾಲ್ಕೈದು ಪುಟ. ಹೆಸರು ಬರ್ಕೋ: ಮಾಬ್ಲ ಮತ್ತು ಬಂಗಾರಿ,” ಎಂದು ಇಟ್ಟರು.

“ನನ್ನ ಹೆಸರು ಎಂತಕ್ಕೆ?” ಎಂದಳು ಬಂಗಾರಿ, ಸೆರಗು ಸರಿಮಾಡಿಕೊಳ್ಳುತ್ತ.

“ಎಂಜಿನಿಯರ್ ಹೆಸರು ಬೇಕಲ್ಲ,” ಎಂದ ಮಾಬ್ಲ.

ಫೋಟೋಗಳನ್ನು ಜೋಡಿಸಿ ಚೀಲಕ್ಕೆ ಹಾಕುವಾಗ ಕೊನೆಗೆ ಆ ಎರಡು ಕೈಗೆ ಬಂದವು. ತಂತಿಯಿಲ್ಲದ ಎರಡು, ದುರಸ್ತಿಯ ದಿನಗಳು. ಇಷ್ಟು ಹುಚ್ಚು ಕಳೆದ ಮೇಲೂ ಮಾಸ್ತರರಿಗೆ ಅವನ್ನು ಕೇಳದೆ ಎದ್ದು ಹೋಗಲು ಆಗಲಿಲ್ಲ.

“ಒಂದೇ ಒಂದು ಉಳೀತು ಮಾಬ್ಲಣ್ಣ. ಇದು ಎಂಬತ್ತನೇ ಇಸವಿ ಫೆಬ್ರವರಿ ನಾಲ್ಕು. ಇದು ಎಂಬತ್ಮೂರು, ಆಗಸ್ಟ್ ಎಂಟು. ಎರಡರಲ್ಲೂ ನೀವೇ ಇದ್ರಿ, ಮೊಣಕೈ ಕಾಣ್ತದೆ. ಆದ್ರೆ ತಂತಿ ಇಲ್ಲ, ಹೊಗೆ ನೋಡಿದ್ರೆ ಆಕಾಶವೇ ಕಪ್ಪು. ಅಷ್ಟು ಚಂದ ಬೆಂಕಿ ಉರಿಸೂ ನಿಮಗೆ ಆ ಎರಡು ದಿನ ಎಂತಾಗಿತ್ತು?”

ಮಾಬ್ಲ ಫೋಟೋ ಕೈಗೆ ತೆಗೆದುಕೊಳ್ಳಲಿಲ್ಲ. ಬಲೆಯ ಹರಿದ ಕಣ್ಣೊಂದನ್ನು ಹುಡುಕಿ, ಸೂಜಿ ತೂರಿಸಿ, ಗಂಟು ಹಾಕಿದ.

“ಸೋಮವಾರ ಆಗಿರ್ಬೇಕು.”